ಪಿಟ್ ದಾಟಿದ ಕಾರು

ರೇಸು ಮುಗಿಯಲು ಇನ್ನು ಎರಡೇ ಸುತ್ತು ಉಳಿದಿತ್ತು. ಎಲ್ಲರಿಗಿಂತ ಮುಂದಿದ್ದವಳು ಜವರಪ್ಪನ ಮಗಳು ಸಿಂಚನಾ. ಅವಳ ಕಾರಿನ ಮೆಕ್ಯಾನಿಕ್ಕೂ ಜವರಪ್ಪನೇ. ರೇಸಿನ ನಡುವೆ ಕಾರು ನಿಲ್ಲಿಸಿ ರಿಪೇರಿ ಮಾಡುವ ಪಿಟ್ಟಿನಲ್ಲಿ ತನ್ನ ಹುಡುಗರ ಜೊತೆ ನಿಂತು ಅವನು ಕಾರನ್ನೇ ನೋಡುತ್ತಿದ್ದ.

ಬ್ರೇಕ್ ಪ್ಯಾಡುಗಳು ಸವೆದಿವೆ, ಬದಲಾಯಿಸುತ್ತೇನೆಂದು ಅವನು ಬೆಳಿಗ್ಗೆಯೇ ಹೇಳಿದ್ದ. ಹೊಸ ಪ್ಯಾಡು ಚಕ್ರದ ಡಿಸ್ಕಿಗೆ ಉಜ್ಜಿ ಹೊಂದಿಕೊಳ್ಳುವಷ್ಟು ಹೊತ್ತಿಲ್ಲ, ಹಳೆಯವೇ ಸಾಕೆಂದು ಮಗಳು ಹಟ ಹಿಡಿದಿದ್ದಳು. ಈಗ ದೂರದ ತಿರುವಿನಲ್ಲಿ ಡಿಸ್ಕು ಕೆಂಡದಂತೆ ಕಾದು ಕಿಡಿ ಹಾರಿಸಿದ್ದನ್ನು ಕಂಡು ಅವನು ಹೆಡ್‌ಸೆಟ್ಟಿನ ಮೈಕನ್ನು ಬಾಯಿಗೆಳೆದುಕೊಂಡ. ಪ್ಯಾಡು ಪೂರ್ತಿ ತೀರಿ, ಕಬ್ಬಿಣವೇ ಕಬ್ಬಿಣವನ್ನು ಉಜ್ಜುತ್ತಿತ್ತು.

“ಸಿಂಚು, ಈ ಸುತ್ತಿಗೇ ಪಿಟ್ಟಿಗೆ ಬಾ!” ಎಂದು ಹೆಡ್‌ಸೆಟ್ಟಿನಲ್ಲಿ ಕೂಗಿದ.

“ಆಗಲ್ಲಪ್ಪ.”

“ಬಹುಮಾನದ ಕಪ್ಪು ಹಾಳಾಗೋಗ್ಲಿ ಕಣವ್ವ, ನನ್ ಮಾತು ಕೇಳು. ಬಾ ಒಳಕ್ಕೆ!”

ಕಾರು ಪಿಟ್ಟಿನ ದಾರಿಯನ್ನು ದಾಟಿ ನೇರವಾಗಿ ಹೊರಟುಹೋಯಿತು. ಜವರಪ್ಪನಿಗೆ ಭಯದ ಜೊತೆಗೆ ಸಿಟ್ಟೂ ಒತ್ತರಿಸಿ ಬಂತು.

“ಗೆಲ್ಲೋ ಆಸೆ ಅಷ್ಟೊಂದಾ ನಿಂಗೆ? ಯಾಕೆ ಒಳಗೆ ಬರ್ಲಿಲ್ಲ?” ಎಂದು ಅರಚಿದ.

“ಅಲ್ಲಿ ನೀವೆಲ್ಲ ನಿಂತಿದ್ರಲ್ಲಪ್ಪ,” ಎಂದಳು ಮಗಳು. “ನಂಗೆ ಬ್ರೇಕೇ ಇರ್ಲಿಲ್ಲ. ಈಗ ಕಾರು ನಿಲ್ಸೋಕೆ ಟ್ರ್ಯಾಕ್ ಪಕ್ಕದ ಮರಳಿಗೆ ನುಗ್ಗಿಸ್ತಾ ಇದ್ದೀನಿ.”