ತುಪ್ಪ ಬಡಿಸಿದವಳು

ಪ್ರಾಸ್ಟೇಟ್ ಕ್ಯಾನ್ಸರಿನಿಂದ ತೀರಿಕೊಂಡ ಗಂಡನ ತಿಥಿಯೂಟಕ್ಕೆ ಚಿಕ್ಕತಾಯಮ್ಮ ತಾನೇ ತುಪ್ಪ ಬಡಿಸಲು ನಿಂತಳು. ಪಂಕ್ತಿಯಲ್ಲಿ ಕೂತಿದ್ದ ಮೈದುನ ಮಾದೇಗೌಡ ನೆಂಟರೆಲ್ಲರ ಎದುರು ಸಿಡುಕಿದ.

"ಕೊಬ್ಬು ತಿಂದರೆ ಆ ಗೆಡ್ಡೆ ಬೇಗ ಬೆಳೀಬಹುದು ಅಂತ ಡಾಕ್ಟರು ಹೇಳಿದ್ದರು. ಆದರೂ ತುಪ್ಪ ಹಾಕಿ ಹಾಕಿ ಅಣ್ಣನ್ನ ಕೊಂದಿರಿ, ಅತ್ತಿಗೆ."

ಚಿಕ್ಕತಾಯಮ್ಮ ತಲೆ ತಗ್ಗಿಸಲಿಲ್ಲ.

"ಎರಡು ವರ್ಷ ಒಂದು ತೊಟ್ಟೂ ಹಾಕಿರಲಿಲ್ಲ. ಇನ್ನು ಮದ್ದು ನಾಟೋದಿಲ್ಲ ಅಂದ ಮೇಲೆ ಅವರೇ ಬಾಯಿಬಿಟ್ಟು ಕೇಳಿದರು, ಹಾಕಿದೆ. ಈಗ ಎದ್ದು ಬಂದು ಕೇಳಿದರೂ ಹಾಕ್ತೀನಿ."

ಅವಳು ಸಾಲಿನುದ್ದಕ್ಕೂ ಬಡಿಸುತ್ತಾ ಬಂದು, ಮೈದುನನ ಎಲೆಯೊಂದನ್ನು ಬಿಟ್ಟು ಮುಂದೆ ನಡೆದಳು.

"ನನಗೇಕಿಲ್ಲ? ಅಷ್ಟೊಂದು ಸಿಟ್ಟಾ?"

"ಅಣ್ಣನಿಗೆ ಬಂದದ್ದು ತಮ್ಮನಿಗೂ ಬರಬಹುದು ಅಂತಲೂ ಡಾಕ್ಟರು ಹೇಳಿದ್ದಾರೆ. ನಾಳೆ ಬೆಳಿಗ್ಗೆ ರಕ್ತಪರೀಕ್ಷೆಗೆ ನನ್ನ ಜೊತೆ ಬಾ."