ಹೊಳಪು ಬಾರದ ಜಾಗ

ಬಾನೆಟ್ಟನ್ನು ಉಜ್ಜುತ್ತಿದ್ದ ಅಪ್ಪನ ಕೈಯಲ್ಲಿ ಪಾತ್ರೆ ತಿಕ್ಕುವ ಸ್ಟೀಲ್ ನಾರಿತ್ತು. ಮಗಳು ಅಡುಗೆಮನೆಯಿಂದ ಓಡಿ ಬರುವಷ್ಟರಲ್ಲಿ ಕಾರಿನ ಕೆಂಪು ಬಣ್ಣ ಅಂಗೈಯಗಲ ಎದ್ದುಹೋಗಿ ಅಡಿಯ ಬೂದು ಇಣುಕುತ್ತಿತ್ತು.

"ಅಪ್ಪಾ, ಏನ್ ಮಾಡ್ತಿದ್ದೀರಿ?"

"ಇಲ್ಲೊಂದು ಕಡೆ ಮಾತ್ರ ಹೊಳಪೇ ಬರ್ತಿಲ್ಲ ನೋಡು," ಎಂದು ಅವರು ಇನ್ನೂ ಒತ್ತಿ ತಿಕ್ಕಿದರು. "ನನ್ನ ವ್ಯಾಕ್ಸ್ ಡಬ್ಬಿ ಬೇರೆ ಯಾವನೋ ಎಗರಿಸಿಬಿಟ್ಟಿದ್ದಾನೆ."

ಎಗರಿಸಿದ್ದು ಅವಳೇ. ಗ್ಯಾರೇಜಿನಲ್ಲಿ ಜನ್ಮವಿಡೀ ಕಾರುಗಳಿಗೆ ಬಣ್ಣ ಹೊಡೆದ ಅಪ್ಪ ಈಗ ಉಜ್ಜಿದ್ದನ್ನು ಮರೆತು ಮತ್ತೆ ಮತ್ತೆ ಉಜ್ಜುತ್ತಾರೆ. ಅವರ ಬೆರಳ ಸಂದು ಬಿರಿದು ರಕ್ತ ಬಂದ ದಿನ ಡಬ್ಬಿಯನ್ನು ಬೀರುವಿನ ಮೇಲೆ ಬಚ್ಚಿಟ್ಟಿದ್ದಳು. ಡಬ್ಬಿ ಕಾಣದಿದ್ದರೆ ಉಜ್ಜುವುದೂ ನಿಲ್ಲುತ್ತದೆ ಅಂದುಕೊಂಡಿದ್ದಳು, ಪೆದ್ದಿ.

ಅವಳು ಡಬ್ಬಿ ತಂದು ಕೊಟ್ಟು ನಾರನ್ನು ಮೆಲ್ಲಗೆ ಬಿಡಿಸಿಕೊಂಡಳು. ಬೇರೇನೂ ತೋಚಲಿಲ್ಲ. "ತಗೊಳ್ಳಿ, ಹಾಕಿ. ಮೊದಲಿನ ಹಾಗೆ ಮಾಡಿಬಿಡಿ."

ಅಪ್ಪ ಮುಚ್ಚಳ ತೆಗೆದು ಮೂಸಿದರು. ಬಾಗಿದ್ದ ಬೆನ್ನು ನೆಟ್ಟಗಾಯಿತು. ಬೂದು ಕಲೆಯ ಮೇಲೆ ಬೆರಳಾಡಿಸಿ, ಇನ್ಯಾರೋ ಹಾಳು ಮಾಡಿ ತಂದ ಕಾರನ್ನು ನೋಡುವಂತೆ ನೋಡಿ ಲೊಚಗುಟ್ಟಿದರು. ಬಹಳ ದಿನಗಳ ಮೇಲೆ ಅವರ ಕಣ್ಣುಗಳು ತಿಳಿಯಾಗಿದ್ದವು. ಅವಳು ಆಸೆಯಿಂದ ಒಂದು ಹೆಜ್ಜೆ ಹತ್ತಿರ ಬಂದಳು.

"ವ್ಯಾಕ್ಸ್ ಹಾಕಿದ್ರೆ ಇರೋ ಬಣ್ಣ ಹೊಳೆಯುತ್ತೆ, ಅಷ್ಟೇ," ಎಂದರು, ಗಿರಾಕಿಗಳಿಗೆ ಹೇಳುತ್ತಿದ್ದ ಅದೇ ಸಮಾಧಾನದ ದನಿಯಲ್ಲಿ. "ಹೋಗಿರೋದು ವಾಪಸ್ ಬರಲ್ಲ, ಮೇಡಂ."