ಹೊಂಬಾಳಮ್ಮನ ದನಿ

ಬೆಳಿಗ್ಗೆ ಗೇಟಿನಲ್ಲಿ ಬಿಟ್ಟುಹೋಗಿದ್ದ ದನಿಗಳನ್ನು ಗಾರ್ಮೆಂಟ್ಸಿನ ಹೆಂಗಸರು ಸಂಜೆ ತಮ್ಮ ತಮ್ಮ ಡಬ್ಬಿಯಿಂದ ತಗೊಂಡು ಹೊರಬಂದರು. ಕೊನೆಗೆ ಬಂದ ಹೊಂಬಾಳಮ್ಮನ ಡಬ್ಬಿ ಮಾತ್ರ ಖಾಲಿಯಿತ್ತು.

"ನಾಳೆ ನೋಡಣ, ಹೋಗಮ್ಮ," ಅಂದ ಕಾವಲಿನವ.

ಒಡಿಶಾದಿಂದ ಕೆಲಸಕ್ಕೆ ಬಂದ ಹುಡುಗಿಯರಿಗೂ ಸಮಾನ ಕೂಲಿ ಬೇಕೆಂದು ದಿನಾ ಸಂಜೆ "ಮಾಲೀಕರಿಗೆ..." ಎಂದು ಕೂಗಿ, ಹಿಂದಿದ್ದವರಿಂದ "ಧಿಕ್ಕಾರ" ಅನ್ನಿಸುತ್ತಿದ್ದವಳು ಅವಳೇ. ದನಿ ಹೋದರೇನು, ಗುಂಪು ಇದೆಯಲ್ಲ ಎಂದುಕೊಂಡು ಒಡಿಶಾದ ಮಿನತಿಯ ಕೈ ಹಿಡಿದು, ಎಂದಿನಂತೆ ಎಲ್ಲರಿಗೂ ಬೆನ್ನುಮಾಡಿ ಗೇಟಿನೆದುರು ನಿಂತಳು.

ಗೇಟಿನ ಮೈಕು ಅವಳದೇ ದನಿಯಲ್ಲಿ ಕೂಗಿತು: "ಒಡಿಶಾದವರಿಗೆ..."

"ಧಿಕ್ಕಾರ," ಎಂದರು ಹಿಂದಿದ್ದವರೆಲ್ಲ, ರೂಢಿಯಂತೆ.

ಹೊಂಬಾಳಮ್ಮ ತಿರುಗಿ, ಬೇಡವೆಂದು ಕೈ ಬೀಸಿದಳು. ಹುರಿದುಂಬಿಸುತ್ತಿದ್ದಾಳೆಂದುಕೊಂಡು ಅವರು ಇನ್ನೂ ಜೋರಾಗಿ ಕೂಗಿದರು.

ಮಿನತಿ ಮೆಲ್ಲಗೆ ತನ್ನ ಕೈ ಬಿಡಿಸಿಕೊಂಡಳು.